ಜೆರ್ರಿ ಗಾರ್ಸಿಯಾರನ್ನು ಎಲ್ಲಿಂದ ಕೇಳಬೇಕು?

ನಾಲ್ಕನೇ ವಯಸ್ಸಿನಲ್ಲಿ ಕೊಡಲಿ ಏಟಿಗೆ ಬಲಗೈ ನಡುಬೆರಳಿನ ಬಹುಪಾಲು ಹೋಯಿತು. ಐದರಲ್ಲಿ ತಂದೆ ನದಿಯಲ್ಲಿ ಮುಳುಗಿ ತೀರಿಕೊಂಡರು. 1942ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಆ ಹುಡುಗನೇ ಜೆರ್ರಿ ಗಾರ್ಸಿಯಾ. ಹದಿನೈದರಲ್ಲಿ ಅಮ್ಮ ಅಕಾರ್ಡಿಯನ್ ಕೊಟ್ಟರೆ, ಅದನ್ನು ಕೊಟ್ಟು ಗಿಟಾರ್ ಪಡೆದ. 1965ರಲ್ಲಿ ಗೆಳೆಯರ ಜತೆ ಕಟ್ಟಿದ ತಂಡ ‘ಗ್ರೇಟ್‌ಫುಲ್ ಡೆಡ್’.

ಈ ತಂಡದ ಜೀವಾಳ ಮನೋಧರ್ಮ. ಒಂದೇ ಹಾಡು ಪ್ರತಿ ವೇದಿಕೆಯಲ್ಲೂ ಬೇರೆಯಾಗಿ ಬೆಳೆಯುತ್ತಿತ್ತು. ಅಭಿಮಾನಿಗಳು ರೆಕಾರ್ಡ್ ಮಾಡಿಕೊಳ್ಳಲೂ ಅಡ್ಡಿಯಿರಲಿಲ್ಲ. ಹೀಗಾಗಿ ಧ್ವನಿಮುದ್ರಣಗಳ ರಾಶಿಯೇ ಇದೆ. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ.

ಮೊದಲು 1970ರ ‘ಅಮೆರಿಕನ್ ಬ್ಯೂಟಿ’ ಆಲ್ಬಂ ಕೇಳಿ. ಚಿಕ್ಕ, ಸರಳ ಹಾಡುಗಳು. ಆಮೇಲೆ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಾರ್ಯಕ್ರಮ. ಗಿಟಾರ್ ತನ್ನ ದಾರಿ ತಾನೇ ಹುಡುಕಿಕೊಳ್ಳುವುದು ಅಲ್ಲಿ ಕೇಳಿಸುತ್ತದೆ.

ಮೂರನೆಯದು 1987ರ ‘ಇನ್ ದ ಡಾರ್ಕ್’. ಅದಕ್ಕೂ ಹಿಂದಿನ ವರ್ಷ ಮಧುಮೇಹದಿಂದ ಕೋಮಾಕ್ಕೆ ಜಾರಿದ್ದ ಗಾರ್ಸಿಯಾ ಎದ್ದಾಗ, ಗಿಟಾರ್ ವಿದ್ಯೆ ಬಹುಮಟ್ಟಿಗೆ ಕೈಬಿಟ್ಟಿತ್ತು. ಗೆಳೆಯ ಮರ್ಲ್ ಸಾಂಡರ್ಸ್ ನೆರವಿನಿಂದ ಮತ್ತೆ ಕಲಿತರು. ಆ ಆಲ್ಬಂನ ‘ಟಚ್ ಆಫ್ ಗ್ರೇ’ ಅಮೆರಿಕದ ಟಾಪ್ ಟೆನ್ ಸೇರಿತು.

ಮಾದಕ ವ್ಯಸನವನ್ನು ಮಾತ್ರ ಗೆಲ್ಲಲಾಗಲಿಲ್ಲ. 1995ರ ಆಗಸ್ಟ್ 9ರಂದು ವ್ಯಸನಮುಕ್ತಿ ಕೇಂದ್ರದಲ್ಲೇ ಹೃದಯಾಘಾತವಾಯಿತು. ಆಗ ಅವರಿಗೆ 53 ವರ್ಷ. ಮರುವರ್ಷ ಚಿತಾಭಸ್ಮದ ಒಂದು ಭಾಗವನ್ನು ಹೃಷೀಕೇಶದಲ್ಲಿ ಗಂಗೆಗೆ ಬಿಡಲಾಯಿತು.

ಬ್ಯಾಕ್‌ಲಾಗ್ ಉಳಿದವರು, ಸಂದರ್ಶನದಲ್ಲಿ ಸೋತು ಮತ್ತೆ ಮೊದಲಿಂದ ಓದಲು ಕೂತವರು ಆ ಮೂರನೆಯದನ್ನೇ ಮೊದಲು ಕೇಳಿದರೂ ಆದೀತು.