ಜೋಸೆಫೀನ್ ಕಾಕ್ರೇನ್

ಜೋಸೆಫೀನ್ ಗ್ಯಾರಿಸ್ ಕಾಕ್ರೇನ್ (ಮಾರ್ಚ್ 8, 1839 – ಆಗಸ್ಟ್ 1913) ಅಮೆರಿಕ ಸಂಯುಕ್ತ ಸಂಸ್ಥಾನದ ಸಂಶೋಧಕಿ ಹಾಗೂ ಉದ್ಯಮಿ. ವಾಣಿಜ್ಯಿಕವಾಗಿ ಯಶಸ್ವಿಯಾದ ಮೊದಲ ಪಾತ್ರೆ ತೊಳೆಯುವ ಯಂತ್ರವನ್ನು (ಡಿಶ್‌ವಾಷರ್) ರೂಪಿಸಿದ ಕೀರ್ತಿ ಇವರಿಗೆ ಸಲ್ಲುತ್ತದೆ. 1886ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದ ಅವರು, ಅದನ್ನು ತಯಾರಿಸಿ ಮಾರುವ ಸಂಸ್ಥೆಯನ್ನೂ ಸ್ವತಃ ಕಟ್ಟಿ ಬೆಳೆಸಿದರು.

ಜನನ ಮತ್ತು ಬಾಲ್ಯ

ಜೋಸೆಫೀನ್ ಅವರು ಒಹಾಯೊ ರಾಜ್ಯದ ಆಶ್ಟಬುಲಾ ಕೌಂಟಿಯಲ್ಲಿ ಜನಿಸಿದರು. ತಂದೆ ಜಾನ್ ಗ್ಯಾರಿಸ್ ಸಿವಿಲ್ ಇಂಜಿನಿಯರ್, ತಾಯಿ ಐರೀನ್ ಫಿಚ್ ಗ್ಯಾರಿಸ್. ಉಗಿಹಡಗಿನ ಆರಂಭಿಕ ಸಂಶೋಧಕರಲ್ಲೊಬ್ಬರಾದ ಜಾನ್ ಫಿಚ್ ತಾಯಿಯ ಕಡೆಯ ಪೂರ್ವಜರು. ಯಂತ್ರಗಳ ಮಾತು ಮನೆಯಲ್ಲಿ ಅಪರಿಚಿತವಾಗಿರಲಿಲ್ಲವಾದರೂ ಜೋಸೆಫೀನ್ ಅವರಿಗೆ ಇಂಜಿನಿಯರಿಂಗ್ ಶಿಕ್ಷಣ ದೊರೆಯಲಿಲ್ಲ. ಅಂದಿನ ಹೆಣ್ಣುಮಕ್ಕಳಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಅವರ ಬಾಲ್ಯವು ಇಂಡಿಯಾನ ರಾಜ್ಯದ ವಾಲ್ಪರೈಸೊದಲ್ಲಿ ಕಳೆಯಿತು. ಮುಂದೆ ಅವರು ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಪಟ್ಟಣದಲ್ಲಿದ್ದ ಸಹೋದರಿಯ ಮನೆಗೆ ಬಂದು ನೆಲೆಸಿದರು.

ವಿವಾಹ ಮತ್ತು ಕುಟುಂಬ

1858ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಅವರು ವಿಲಿಯಂ ಕಾಕ್ರನ್ ಎಂಬವರನ್ನು ವಿವಾಹವಾದರು. ಚಿನ್ನವನ್ನರಸಿ ಕ್ಯಾಲಿಫೋರ್ನಿಯಕ್ಕೆ ಹೋಗಿ ಬರಿಗೈಯಲ್ಲಿ ಮರಳಿದ್ದ ವಿಲಿಯಂ, ಶೆಲ್ಬಿವಿಲ್‌ನಲ್ಲಿ ಬಟ್ಟೆಬರೆಯ ವ್ಯಾಪಾರದಿಂದ ಅನುಕೂಲಸ್ಥರಾದರು. ಪತಿಯ ಕುಲನಾಮಕ್ಕೆ ಕೊನೆಯಲ್ಲಿ ಒಂದು ಅಕ್ಷರವನ್ನು ಸೇರಿಸಿ ಜೋಸೆಫೀನ್ ತಮ್ಮ ಹೆಸರನ್ನು ಕಾಕ್ರೇನ್ ಎಂದು ಬರೆಯುತ್ತಿದ್ದರು. ದಂಪತಿಗೆ ಹ್ಯಾಲಿ ಮತ್ತು ಕ್ಯಾಥರೀನ್ ಎಂಬ ಇಬ್ಬರು ಮಕ್ಕಳು. ಹ್ಯಾಲಿ ಎರಡು ವರ್ಷದ ಕೂಸಾಗಿದ್ದಾಗಲೇ ತೀರಿಕೊಂಡ.

1870ರ ಸುಮಾರಿಗೆ ಕುಟುಂಬವು ದೊಡ್ಡ ಬಂಗಲೆಯೊಂದಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಔತಣಗಳು ಮೇಲಿಂದ ಮೇಲೆ ನಡೆಯುತ್ತಿದ್ದವು. ಮನೆತನದಲ್ಲಿ ತಲೆಮಾರುಗಳಿಂದ ಬಂದಿದ್ದ ಅಮೂಲ್ಯ ಪಿಂಗಾಣಿ ಪಾತ್ರೆಗಳಲ್ಲಿ ಅತಿಥಿಗಳಿಗೆ ಊಟ ಬಡಿಸಲಾಗುತ್ತಿತ್ತು. ಕೆಲಸದವರು ತೊಳೆಯುವಾಗ ಈ ತಟ್ಟೆಗಳ ಅಂಚು ಚೆಕ್ಕೆಯೇಳುವುದನ್ನು ಕಂಡ ಜೋಸೆಫೀನ್, ಅವನ್ನು ತಾವೇ ತೊಳೆಯಲಾರಂಭಿಸಿದರು. ಆ ದುಡಿಮೆಯ ಬೇಸರವೇ ಯಂತ್ರದ ಯೋಚನೆಗೆ ಮೂಲವಾಯಿತು.

ಯಂತ್ರದ ಆವಿಷ್ಕಾರ

ಪಾತ್ರೆ ತೊಳೆಯುವ ಯಂತ್ರದ ಕಲ್ಪನೆ ಅಷ್ಟರಲ್ಲಾಗಲೇ ಹೊಸದಾಗಿರಲಿಲ್ಲ. 1850ರಲ್ಲಿ ಜೋಯೆಲ್ ಹಾಟನ್ ಎಂಬವರು ಕೈಯಿಂದ ತಿರುಗಿಸುವ ಮರದ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಅದು ಪಾತ್ರೆಗಳ ಮೇಲೆ ನೀರೆರಚುತ್ತಿತ್ತೇ ಹೊರತು ಅವನ್ನು ಸ್ವಚ್ಛಗೊಳಿಸಲು ಶಕ್ತವಾಗಿರಲಿಲ್ಲ. ಕಾಕ್ರೇನ್ ಬೇರೊಂದು ಮಾರ್ಗ ಹಿಡಿದರು. ಅವರು ಮೊದಲು ತಟ್ಟೆ, ಬಟ್ಟಲು, ಸಾಸರ್‌ಗಳ ಅಳತೆ ತೆಗೆದುಕೊಂಡು, ಒಂದೊಂದಕ್ಕೂ ಸರಿಹೊಂದುವ ತಂತಿಯ ಗೂಡುಗಳನ್ನು ಮಾಡಿದರು. ಆ ಗೂಡುಗಳನ್ನು ತಾಮ್ರದ ಹಂಡೆಯೊಳಗೆ ಮಲಗಿಸಿದ ಚಕ್ರದ ಸುತ್ತ ಜೋಡಿಸಿದರು. ಚಕ್ರ ತಿರುಗಿದಂತೆ ತಳದಿಂದ ಸಾಬೂನು ಬೆರೆತ ಬಿಸಿನೀರು ರಭಸದಿಂದ ಪಾತ್ರೆಗಳಿಗೆ ಬಡಿಯುತ್ತಿತ್ತು. ಪಾತ್ರೆಗಳು ಅಲುಗದೆ ನಿಲ್ಲಬೇಕು, ಉಜ್ಜುವ ಕೆಲಸವನ್ನು ನೀರಿನ ಒತ್ತಡವೇ ಮಾಡಬೇಕು ಎಂಬುದೇ ಈ ರಚನೆಯ ತಿರುಳು.

1883ರಲ್ಲಿ ವಿಲಿಯಂ ನಿಧನರಾದರು. ಅವರು ಬಿಟ್ಟುಹೋದದ್ದು ಸುಮಾರು 1,500 ಡಾಲರ್ ನಗದು ಮತ್ತು ಅದಕ್ಕಿಂತ ಹೆಚ್ಚಿನ ಸಾಲ. ಅಲ್ಲಿಯವರೆಗೆ ಸಿರಿವಂತ ಗೃಹಿಣಿಯ ಹವ್ಯಾಸದಂತಿದ್ದ ಯಂತ್ರವು ಈಗ ಜೀವನೋಪಾಯದ ಪ್ರಶ್ನೆಯಾಯಿತು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಜಾರ್ಜ್ ಬಟರ್ಸ್ ಎಂಬ ಮೆಕ್ಯಾನಿಕ್‌ನ ನೆರವಿನಿಂದ ಅವರು ಕೆಲಸ ಮುಂದುವರಿಸಿದರು. 1886ರ ಡಿಸೆಂಬರ್ 28ರಂದು ಯಂತ್ರಕ್ಕೆ 3,55,139 ಸಂಖ್ಯೆಯ ಪೇಟೆಂಟ್ ದೊರೆಯಿತು.

ಉದ್ಯಮ

ಪೇಟೆಂಟ್ ದೊರೆತ ಮೇಲೂ ದಾರಿ ಸುಗಮವಾಗಲಿಲ್ಲ. ಬಂಡವಾಳ ಹೂಡಬಲ್ಲವರು ಉದ್ಯಮದ ಹಿಡಿತವನ್ನು ಪುರುಷರಿಗೆ ಬಿಟ್ಟುಕೊಡಬೇಕೆಂದು ಅಪೇಕ್ಷಿಸಿದರು. ಕುಶಲಕರ್ಮಿಗಳು ಯಂತ್ರಶಾಸ್ತ್ರ ಓದದ ಹೆಂಗಸಿನ ಮಾತನ್ನು ಕೇಳದೆ ತಮ್ಮದೇ ರೀತಿಯಲ್ಲಿ ಮಾಡಿ, ಅದು ಕೆಟ್ಟ ಮೇಲೆ ಆಕೆಯ ರೀತಿಗೆ ಮರಳುತ್ತಿದ್ದರು.

ಮೊದಲ ಗ್ರಾಹಕರಲ್ಲಿ ಷಿಕಾಗೊ ನಗರದ ಪಾಮರ್ ಹೌಸ್ ಹೋಟೆಲ್ ಒಂದು. ಬಳಿಕ ಶೆರ್ಮನ್ ಹೌಸ್ ಹೋಟೆಲಿಗೆ ಅವರು ಯಾರ ಪರಿಚಯವೂ ಇಲ್ಲದೆ ಒಬ್ಬರೇ ಹೋದರು. ತಂದೆ ಅಥವಾ ಪತಿಯ ಜೊತೆಯಿಲ್ಲದೆ ಎಲ್ಲಿಗೂ ಹೋಗಿ ಅಭ್ಯಾಸವಿರದ ಅವರಿಗೆ, ಆ ಹೋಟೆಲಿನ ಹಜಾರವನ್ನು ಏಕಾಂಗಿಯಾಗಿ ದಾಟಿದ್ದೇ ತಮ್ಮ ವೃತ್ತಿಜೀವನದ ಅತಿ ಕಠಿಣ ಗಳಿಗೆಯಾಗಿ ನೆನಪಿನಲ್ಲಿ ಉಳಿಯಿತು. ಅಂದು ಅವರು 800 ಡಾಲರ್‌ಗಳ ಬೇಡಿಕೆಯನ್ನು ಪಡೆದು ಹಿಂದಿರುಗಿದರು.

1893ರ ಷಿಕಾಗೊ ವಿಶ್ವ ವಸ್ತುಪ್ರದರ್ಶನದಲ್ಲಿ ಗ್ಯಾರಿಸ್-ಕಾಕ್ರನ್ ಸಂಸ್ಥೆಯ ಯಂತ್ರಗಳು ಪ್ರದರ್ಶನಕ್ಕಷ್ಟೇ ಸೀಮಿತವಾಗದೆ ಅಲ್ಲಿನ ಭೋಜನಾಲಯಗಳಲ್ಲಿಯೂ ಬಳಕೆಯಾದವು. ಯಾಂತ್ರಿಕ ರಚನೆ ಮತ್ತು ಬಾಳಿಕೆಗಾಗಿ ಯಂತ್ರಕ್ಕೆ ಪ್ರಶಸ್ತಿ ಸಂದಿತು. ಹೋಟೆಲುಗಳ ಜೊತೆಗೆ ಆಸ್ಪತ್ರೆ, ಕಾಲೇಜುಗಳಿಂದಲೂ ಬೇಡಿಕೆ ಬಂತು. 1898ರಲ್ಲಿ ಸಂಸ್ಥೆಯು ಸ್ವಂತ ಕಾರ್ಖಾನೆ ತೆರೆದಾಗ ಜಾರ್ಜ್ ಬಟರ್ಸ್ ಅದರ ವ್ಯವಸ್ಥಾಪಕರಾದರು.

ಗೃಹಿಣಿಯರಿಗಾಗಿ ಹುಟ್ಟಿದ ಈ ಯಂತ್ರ ಮನೆಗಳನ್ನು ಮಾತ್ರ ತಲುಪಲಿಲ್ಲ. ಅದರ ಬೆಲೆ ದುಬಾರಿಯಾಗಿತ್ತು. ಅದಕ್ಕೆ ಬೇಕಾದಷ್ಟು ನೀರನ್ನು ಕಾಯಿಸುವ ಅನುಕೂಲ ಹೆಚ್ಚಿನ ಮನೆಗಳಲ್ಲಿರಲಿಲ್ಲ. ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆಗಟ್ಟದೆ ಪಾತ್ರೆಗಳ ಮೇಲೆ ಕಲೆ ಉಳಿಯುತ್ತಿತ್ತು.

ನಿಧನ

ವೃದ್ಧಾಪ್ಯದಲ್ಲಿಯೂ ಅವರು ಮಾರಾಟಕ್ಕಾಗಿ ಸ್ವತಃ ಪ್ರಯಾಣ ಮಾಡುತ್ತಿದ್ದರು. 1913ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ, ನಿಧನರಾದರು. ಅವರನ್ನು ಶೆಲ್ಬಿವಿಲ್‌ನಲ್ಲಿ ಸಮಾಧಿ ಮಾಡಲಾಯಿತು.

ನಂತರದ ಪ್ರಭಾವ

1926ರಲ್ಲಿ ಹೋಬಾರ್ಟ್ ಸಂಸ್ಥೆಯು ಕಾಕ್ರೇನ್ ಅವರ ಸಂಸ್ಥೆಯನ್ನು ಕೊಂಡಿತು. ಅದೇ ಸಂಸ್ಥೆ 1949ರಲ್ಲಿ ಕಿಚನ್ಏಡ್ ಹೆಸರಿನ ಗೃಹಬಳಕೆಯ ಡಿಶ್‌ವಾಷರನ್ನು ಬಿಡುಗಡೆ ಮಾಡಿತು. 1950ರ ದಶಕದಲ್ಲಿ ಹೊಸ ಬಗೆಯ ಡಿಟರ್ಜೆಂಟ್ ಪುಡಿಗಳೂ ಸದಾ ಬಿಸಿನೀರಿನ ಸೌಲಭ್ಯವುಳ್ಳ ಮನೆಗಳೂ ಹೆಚ್ಚಿದಾಗ ಅಮೆರಿಕದ ಅಡುಗೆಮನೆಗಳು ಯಂತ್ರವನ್ನು ಸ್ವೀಕರಿಸತೊಡಗಿದವು.

ವಿನ್ಯಾಸ ಇನ್ನೂ ಒಂದು ಸ್ವರೂಪಕ್ಕೆ ನೆಲೆಗೊಳ್ಳದ ಆ ಕಾಲದಲ್ಲಿ ವಿಚಿತ್ರ ಮಾದರಿಗಳು ಬಂದವು. ಗಾಲಿಗಳ ಮೇಲೆ ತಳ್ಳಿತಂದು ಕೊಳವೆಯಿಂದ ನಲ್ಲಿಗೆ ಜೋಡಿಸುವ, ಮೇಲ್ಮುಚ್ಚಳದ ಯಂತ್ರಗಳು ಒಂದು ಬಗೆ. ತಳದಲ್ಲಿ ತಿರುಗುವ ರೆಕ್ಕೆಯಿಂದ ನೀರನ್ನು ಚಿಮ್ಮಿಸುವಂಥವು ಮತ್ತೊಂದು ಬಗೆ. ಥಾರ್ ಆಟೋಮ್ಯಾಜಿಕ್ ಎಂಬ ಯಂತ್ರದಲ್ಲಿ ಒಳಗಿನ ತೊಟ್ಟಿಯನ್ನು ಬದಲಿಸಿ ಬಟ್ಟೆಯನ್ನೂ ಪಾತ್ರೆಯನ್ನೂ ತೊಳೆಯಬಹುದಾಗಿತ್ತು. ಇಂತಹ ಹಳೆಯ ಯಂತ್ರಗಳನ್ನು ಹುಡುಕಿ ದುರಸ್ತಿಗೊಳಿಸಿ, ಮತ್ತೆ ನಡೆಯುವಂತೆ ಮಾಡುವ ಸಂಗ್ರಾಹಕರು ಇಂದಿಗೂ ಇದ್ದಾರೆ. ಬಾಲ್ಯದ ಅಡುಗೆಮನೆಯ ನೆನಪು ಹಾಗೂ ಬಿಚ್ಚಿ ಸರಿಪಡಿಸಬಹುದಾದ ಗಟ್ಟಿ ಲೋಹದ ರಚನೆ ಅವರನ್ನು ಸೆಳೆಯುತ್ತವೆ. ಬಾಹ್ಯರೂಪ ಎಷ್ಟೇ ಬದಲಾದರೂ, ಪಾತ್ರೆಗಳನ್ನು ತಂತಿಯ ಗೂಡಿನಲ್ಲಿ ನಿಲ್ಲಿಸಿ ಬಿಸಿನೀರಿನ ರಭಸದಿಂದ ತೊಳೆಯುವ ಕಾಕ್ರೇನ್ ಅವರ ತತ್ತ್ವ ಇಂದಿನ ಯಂತ್ರಗಳಲ್ಲಿಯೂ ಮುಂದುವರಿದಿದೆ.

ಗೌರವಗಳು

2006ರಲ್ಲಿ ಕಾಕ್ರೇನ್ ಅವರ ಹೆಸರನ್ನು ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಸೇರಿಸಲಾಯಿತು. 2013ರಲ್ಲಿ ರೊಮೇನಿಯ ದೇಶವು ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು.