ಪೀಪಾಯಿ ಅಳೆದ ಕೆಪ್ಲರ್

ಈ ಶಾಲೆ ಬಿಟ್ಟ ಕೆಲವು ವರ್ಷಗಳಿಗೆ ನಾನು ಒಂದು ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನೆಲದಡಿ ಅಡ್ಡಲಾಗಿ ಮಲಗಿಸಿದ, 20,000 ಲೀಟರ್ ಹಿಡಿಸುವ ಡೀಸೆಲ್ ಟ್ಯಾಂಕು. ಒಂದು ಸಂಜೆ ಡಿಪ್ ರಾಡ್ ಇಳಿಸಿದಾಗ ಎಣ್ಣೆ ಕಾಲು ಎತ್ತರಕ್ಕೆ ನಿಂತಿತ್ತು. ಚಾರ್ಟ್ ನೋಡದೆ 5,000 ಲೀಟರ್ ಎಂದು ಬರೆದುಬಿಟ್ಟೆ. ಇದ್ದದ್ದು ಸುಮಾರು 3,900. ಬಿತ್ತನೆಯ ಕಾಲ ಬೇರೆ. ಮಾರನೆಯ ದಿನ ಲೋಡ್ ಬರುವ ಮೊದಲೇ ಟ್ಯಾಂಕು ಬರಿದಾಗಿ, ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲುಗಟ್ಟಿದವು. ರೈತರು ಬೈದದ್ದರಲ್ಲಿ ತಪ್ಪಿರಲಿಲ್ಲ.

ಆಗ ನೆನಪಾದದ್ದು ಹತ್ತನೇ ತರಗತಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಹೇಳಿದ್ದ ಯೋಹಾನೆಸ್ ಕೆಪ್ಲರನ ಕಥೆ.

ಕೆಪ್ಲರ್ ಹುಟ್ಟಿದ್ದು 1571ರಲ್ಲಿ, ಜರ್ಮನಿಯ ವೈಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಕೂಲಿ ಸೈನಿಕ, ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಬಾಲ್ಯದ ಸಿಡುಬಿನಿಂದ ಹುಡುಗನ ದೃಷ್ಟಿ ಮಂದವಾಯಿತು. ವಿದ್ಯಾರ್ಥಿವೇತನದಿಂದ ಓದಿ, ಗ್ರಾಟ್ಸ್ ಊರಿನಲ್ಲಿ ಗಣಿತದ ಮೇಷ್ಟ್ರಾದ. ಕಣ್ಣು ಮಂದವಾದವನೇ ಮುಂದೆ ಪ್ರಾಗ್‌ನಲ್ಲಿ ಟೈಕೋ ಬ್ರಾಹೆಯ ವೀಕ್ಷಣೆಗಳನ್ನು ಹಿಡಿದು, ಮಂಗಳ ಗ್ರಹದ ದಾರಿ ದೀರ್ಘವೃತ್ತವೆಂದು 1609ರಲ್ಲಿ ತೋರಿಸಿದ.

1611ರಲ್ಲಿ ಹೆಂಡತಿಯೂ ಒಬ್ಬ ಮಗನೂ ತೀರಿಕೊಂಡರು. ಲಿಂಟ್ಸ್ ನಗರಕ್ಕೆ ಹೋಗಿ 1613ರಲ್ಲಿ ಮರುಮದುವೆಯಾದ. ಮನೆಗೆ ದ್ರಾಕ್ಷಾರಸದ ಪೀಪಾಯಿಗಳನ್ನು ತರಿಸಿದಾಗ, ವ್ಯಾಪಾರಿ ಬಾಯಿಯಿಂದ ಒಂದು ಕೋಲನ್ನು ಓರೆಯಾಗಿ ತಳದ ಅಂಚಿಗೆ ಮುಟ್ಟಿಸಿ, ಎಲ್ಲ ಪೀಪಾಯಿಗಳ ಅಳತೆಯನ್ನೂ ಅದರಿಂದಲೇ ಹೇಳಿದ. ಕೆಪ್ಲರನಿಗೆ ಅನುಮಾನ ಬಂತು. ಉದ್ದನೆಯ ಸಪೂರ ಪೀಪಾಯಿಗೂ ಗಿಡ್ಡನೆಯ ದಪ್ಪ ಪೀಪಾಯಿಗೂ ಕೋಲು ಒಂದೇ ಅಳತೆ ತೋರಿಸಬಹುದಲ್ಲ! ಪೀಪಾಯಿಯನ್ನು ತೆಳ್ಳನೆಯ ಬಿಲ್ಲೆಗಳಾಗಿ ಕಲ್ಪಿಸಿಕೊಂಡು ಲೆಕ್ಕ ಹಾಕಿ, 1615ರಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ. ಆಸ್ಟ್ರಿಯಾದ ಪೀಪಾಯಿಗಳ ಆಕಾರ ಎಂಥದೆಂದರೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಳತೆ ಹೆಚ್ಚು ಕೆಡುವುದಿಲ್ಲ ಎಂದು ಅದರಲ್ಲಿ ತೋರಿಸಿದ. ವ್ಯಾಪಾರಿಯ ಕೋಲು ಗೆದ್ದಿತೆನ್ನಿ.

ನನ್ನ ಟ್ಯಾಂಕಿನ ಗಂಟು ಮಾತ್ರ ಅವನ ಆಕಾಶದ ಲೆಕ್ಕದಲ್ಲಿತ್ತು. ಎಣ್ಣೆಯ ಮಟ್ಟದ ಎರಡು ತುದಿಗಳಿಂದ ವೃತ್ತಕೇಂದ್ರಕ್ಕೆ ಗೆರೆ ಎಳೆದರೆ ಒಂದು ಕೋನ ಸಿಗುತ್ತದೆ. ಅದನ್ನು ರೇಡಿಯನ್‌ನಲ್ಲಿ ಬರೆದು, ಅದರ ಸೈನ್ ಕಳೆದು, ತ್ರಿಜ್ಯದ ವರ್ಗದ ಅರ್ಧದಿಂದಲೂ ಟ್ಯಾಂಕಿನ ಉದ್ದದಿಂದಲೂ ಗುಣಿಸಿದರೆ ಎಣ್ಣೆಯ ಪ್ರಮಾಣ. ಕಾಲು ಎತ್ತರಕ್ಕೆ ಕೋನ 120 ಡಿಗ್ರಿ. ಬರುವುದು ಶೇಕಡಾ 19.55. ತಿರುಗಿಸಿ, ಇಷ್ಟು ಲೀಟರಿಗೆ ಎಷ್ಟು ಎತ್ತರ ಎಂದು ಕೇಳಿದರೆ ನೇರ ಸೂತ್ರವಿಲ್ಲ. ಗ್ರಹ ಇಂಥ ದಿನ ಎಲ್ಲಿರುತ್ತದೆ ಎಂಬ ಕೆಪ್ಲರನ ಲೆಕ್ಕವೂ ಹೀಗೆಯೇ. ಅಲ್ಲಿ ಸೈನ್‌ನ ಒಂದು ಅಂಶವನ್ನು ಕಳೆಯಬೇಕು, ಇಲ್ಲಿ ಪೂರ್ತಿ. ನೇರ ದಾರಿ ತನಗೆ ಕಾಣುತ್ತಿಲ್ಲವೆಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ಊಹಿಸಿ, ತಿದ್ದಿ, ಮತ್ತೆ ಊಹಿಸಿ ಹತ್ತಿರ ಹೋಗಬೇಕು.

ಮುಂದೆ ತಾಯಿಯ ಮೇಲೆ ಮಾಟಗಾತಿಯೆಂಬ ಆರೋಪ ಬಂದಾಗ ತಾನೇ ನಿಂತು ವಾದಿಸಿ, 1621ರಲ್ಲಿ ಬಿಡಿಸಿಕೊಂಡ. ಬಾಕಿ ಹಣ ಕೇಳಲು ಹೊರಟವನು 1630ರಲ್ಲಿ ರೇಗನ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ಯುದ್ಧದಲ್ಲಿ ಅವನ ಸಮಾಧಿಯೂ ಉಳಿಯಲಿಲ್ಲ.

ನಮ್ಮ ಬಂಕಿನ ಚಾರ್ಟಿನಲ್ಲಿ ಕಾಲು ಎತ್ತರದ ಸಾಲಿಗೆ ನಾನು ಕೆಂಪು ಗೆರೆ ಎಳೆದಿದ್ದೇನೆ. ಹೊಸ ಹುಡುಗರು ಏಕೆಂದು ಕೇಳಿದರೆ, ಟ್ರ್ಯಾಕ್ಟರುಗಳ ಸಾಲಿನಿಂದಲೇ ಶುರು ಮಾಡುತ್ತೇನೆ.