ಮನೆಯಲ್ಲಿ ಕೊಂಕಣಿ, ಬರಹದಲ್ಲಿ ಕನ್ನಡ: ನಮ್ಮ ಗೋವಿಂದ ಪೈಗಳು

ಮಂಜೇಶ್ವರ: ನೀವು ಯಾವ ಭಾಷೆಯವರು ಅಂತ ಗಡಿನಾಡಿನವರನ್ನು ಕೇಳಿದರೆ ಒಂದೇ ಮಾತಿನ ಉತ್ತರ ಸಿಗುವುದು ಕಷ್ಟ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ರಾಷ್ಟ್ರಕವಿ ಎಂ. ಗೋವಿಂದ ಪೈಗಳ ಬದುಕೂ ಹಾಗೇ ಇತ್ತು.

ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು, ಮಂಗಳೂರಿನ ಅಜ್ಜನ ಮನೆಯಲ್ಲಿ. ತಂದೆ ಸಾಹುಕಾರ್ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ, ಸುತ್ತಲೂ ತುಳು, ಮಲಯಾಳ. ಬರೆಯಲು ಆರಿಸಿಕೊಂಡದ್ದು ಕನ್ನಡ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಪಾಠ ಹೇಳಿದರು. ಬಿ.ಎ. ಓದಲು ಮದ್ರಾಸಿಗೆ ಹೋದವರು ತಂದೆ ತೀರಿಕೊಂಡದ್ದರಿಂದ ಡಿಗ್ರಿ ಮುಗಿಸದೆ ಊರಿಗೆ ಮರಳಿದರು. ಆಮೇಲಿನ ಓದೆಲ್ಲ ಸ್ವಂತದ್ದೇ.

1911ರಲ್ಲಿ ಅವರು ಕವಿತೆಯಲ್ಲಿ ಪ್ರಾಸ ಬಿಟ್ಟರು. ಆಗ ಅದು ದೊಡ್ಡ ಸುದ್ದಿ. ಕ್ರಿಸ್ತನ ಕಡೆಯ ದಿನದ ಮೇಲೆ ‘ಗೊಲ್ಗೊಥಾ’, ಬುದ್ಧನ ಕಡೆಯ ದಿನದ ಮೇಲೆ ‘ವೈಶಾಖಿ’ ಬರೆದರು.

ಕವಿತೆಯಷ್ಟೇ ಶ್ರಮ ಸಂಶೋಧನೆಗೂ ಹಾಕಿದರು. ತುಳುನಾಡಿನ ಹಳೆಯ ಚರಿತ್ರೆ, ಶಾಸನಗಳ ಕಾಲನಿರ್ಣಯ ಅವರ ಇಷ್ಟದ ವಿಷಯ. ಈಜಿಪ್ಟಿನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಪಾತ್ರಗಳು ಆಡುವ ಮಾತು ಕನ್ನಡವೇ ಎಂದು ವಾದಿಸಿದವರಲ್ಲಿ ಪೈಗಳೂ ಒಬ್ಬರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ಹುಟ್ಟಿನಿಂದ ಬರದ ಭಾಷೆಯ ಬೇರನ್ನು ಒಬ್ಬರು ಅಷ್ಟು ದೂರ ಹುಡುಕಿಕೊಂಡು ಹೋದರಲ್ಲ, ಅದು ಸಣ್ಣ ಮಾತಲ್ಲ.

1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಪದವಿ ಕೊಟ್ಟಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರ ನವೆಂಬರ್ 1ರಂದು ಮಾತ್ರ ಲೆಕ್ಕ ತಪ್ಪಿತು. ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಹೋದರೆ, ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಪೈಗಳು ಊರು ಬಿಟ್ಟು ಕದಲಲಿಲ್ಲ, ರಾಜ್ಯವೇ ಬದಲಾಯಿತು. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಅದು ಜಾರಿಗೆ ಬರಲಿಲ್ಲ.

ಪೈಗಳ ಪುಸ್ತಕಗಳು ಈಗ ಉಡುಪಿಯ ಎಂಜಿಎಂ ಕಾಲೇಜಿನಲ್ಲಿವೆ. ಮಂಜೇಶ್ವರದಲ್ಲಿ ಕೇರಳ ಸರ್ಕಾರದ್ದೇ ಕಾಲೇಜಿಗೆ ಅವರ ಹೆಸರಿದೆ. ಮಲಯಾಳದ ರಾಜ್ಯ, ಕೊಂಕಣಿ ಮನೆ, ಕನ್ನಡದ ಕವಿ. ಇದರಲ್ಲಿ ಯಾವುದನ್ನೂ ಬಿಡದೆ ಬದುಕಬಹುದು ಅಂತ ಪೈಗಳು ತೋರಿಸಿದ್ದಾರೆ. ಆದರೆ ಅವರು ಬರೆದದ್ದನ್ನು ಓದಲು ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬರಬೇಕಲ್ಲ? ಅದನ್ನು ಕಲಿಸುವ ಕೆಲಸ ಮನೆಯಲ್ಲೇ ಶುರುವಾಗಬೇಕು.